ಕವರಿನಲ್ಲಿ ಬರುವ ತೆನೆ

ಮೊಂತಿ ಹಬ್ಬ ಅಂದರೆ ನಮ್ಮ ಕರಾವಳಿಯ ಕ್ಯಾಥೊಲಿಕರ ಹೊಸ ತೆನೆಯ ಹಬ್ಬ. ಮುಂಬೈಯ ಕಲೀನಾದ ನಮ್ಮ ಮನೆಯಲ್ಲಿ ಅದು ಪ್ರತಿ ವರ್ಷವೂ ನಾಲ್ಕೈದು ದಿನ ತಡ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಆ ದಿನ ಉಡುಪಿ ಜಿಲ್ಲೆಯ ನಮ್ಮೂರು ಶಿರ್ವದ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವಾದ ಆದ ಭತ್ತದ ತೆನೆಯನ್ನು ಅಮ್ಮ ಕವರಿಗೆ ಹಾಕಿ ಕಳಿಸಬೇಕು, ಅದು ಮುಂಬೈ ಮುಟ್ಟಬೇಕು. ಆಮೇಲೆ ತಾನೆ ನಮಗೆ ಹೊಸ ಅಕ್ಕಿ ಊಟ!

ಊರಿನಲ್ಲಿ ಆಗಸ್ಟ್ 30ರಿಂದಲೇ ಮಕ್ಕಳಿಗೆ ಸಂಭ್ರಮ. ಒಂಬತ್ತು ದಿನ ಬುಟ್ಟಿ ಹಿಡಿದು ಹೋಗುತ್ತಿದ್ದೆವು. ದಾಸವಾಳ, ಚೆಂಡುಹೂ, ಬೇಲಿಯಲ್ಲಿ ಸಿಕ್ಕಿದ ಹೂವೆಲ್ಲ ಬಾಲೆ ಮರಿಯಮ್ಮನಿಗೆ. ಹಬ್ಬದ ದಿನ ಹೂ ತಂದ ಮಕ್ಕಳಿಗೆ ಕಬ್ಬು. ಮಂಗಳೂರು ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂಡ ಈ ಹಬ್ಬ ಶುರು ಮಾಡಿದರು, ಮೊಂತಿ ಎಂಬ ಹೆಸರೂ ಅಲ್ಲಿಂದಲೇ ಬಂತು ಎಂದು ಹಿರಿಯರು ಹೇಳುತ್ತಾರೆ.

8ನೇ ತಾರೀಕು ನಾವು ಬಾಂದ್ರಾದ ಮೌಂಟ್ ಮೇರಿ ಇಗರ್ಜಿಗೆ ಹೋಗುತ್ತೇವೆ. ಇಲ್ಲಿನ ಮೀನುಗಾರ ಕೋಲಿ ಸಮುದಾಯದವರು ಆ ತಾಯಿಯನ್ನು ಮೋತ್ ಮೌಲಿ ಎನ್ನುತ್ತಾರೆ. ಯಾವ ಜಾತಿ, ಯಾವ ಧರ್ಮ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ದಾರಿಯುದ್ದಕ್ಕೂ ಮೇಣದ ಕೈ, ಕಾಲು, ಮನೆ, ಮಗು ಮಾರಲು ಇಟ್ಟಿರುತ್ತಾರೆ. ಏನು ಬೇಡಿಕೊಳ್ಳುತ್ತೀರೋ ಅದರ ಆಕಾರದ್ದು ಕೊಂಡು ಒಪ್ಪಿಸಬೇಕು. ಅಮ್ಮನ ಕೈನೋವಿಗೆಂದು ಈ ಸಲ ನಾನು ಮೇಣದ ಕೈ ತೆಗೆದುಕೊಂಡೆ.

ಕವರು ಬಂದದ್ದು ಶನಿವಾರ. ಉದಯವಾಣಿ ಹಾಳೆಯಲ್ಲಿ ಮಡಚಿದ ಎರಡು ತೆನೆ. ಅರ್ಧ ಕಾಳು ಉದುರಿ ಮೂಲೆ ಸೇರಿದ್ದವು. ಒಂದೂ ಹಾಳಾಗಬಾರದೆಂದು ಮಗಳು ಹಾಳೆಯನ್ನು ತಟ್ಟೆಯ ಮೇಲೆ ಕೊಡವಿದಳು. ಊರಲ್ಲಿ ಹಸಿ ಕಾಳು, ಉಗುರಿನಿಂದಲೇ ಸಿಪ್ಪೆ ಬಿಡುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಒಣಗಿ ಗಟ್ಟಿ. ಒಂದೊಂದನ್ನೇ ಸುಲಿದು, ಏಲಕ್ಕಿ ಕುಟ್ಟುವ ಕಲ್ಲಿನಲ್ಲಿ ಪುಡಿ ಮಾಡಿ, ಬೆಲ್ಲ ಹಾಕಿದ ತೆಂಗಿನ ಹಾಲಿಗೆ ಬೆರೆಸಿದೆವು. ದೀಪ ಹಚ್ಚಿ ಪ್ರಾರ್ಥನೆ ಮಾಡಿ, ದೊಡ್ಡವರಿಂದ ಚಿಕ್ಕವರವರೆಗೆ ಒಂದೊಂದು ಚಮಚ. ಹಲ್ಲಿಗೆ ಸಿಕ್ಕಿದ್ದು ಒಂದು ನುಚ್ಚು ಅಷ್ಟೇ. ಆದರೂ ಅದು ಅಪ್ಪನ ಗದ್ದೆಯದು, ಅಲ್ವಾ?

ಮೀನಿಲ್ಲದ ಊಟ, ಬಾಳೆಲೆಯ ಮೇಲೆ. ಪಲ್ಯ, ಸಾಂಬಾರು ಸೇರಿ ತರಕಾರಿ ಬಗೆ ಬೆಸ ಸಂಖ್ಯೆಯಲ್ಲೇ ಇರಬೇಕು. ನಾವು ಐದು ಮಾಡಿದೆವು: ಅಲಸಂಡೆ, ಹೀರೆಕಾಯಿ, ಬೆಂಡೆ, ಹರಿವೆ, ಮತ್ತೆ ಅಮಟೆಕಾಯಿ ಹಾಕಿದ ಕೆಸುವಿನ ದಂಟು. ದಂಟಿಗೋಸ್ಕರ ಮಾಟುಂಗಕ್ಕೇ ಹೋಗಿ ಬಂದೆ. ಅದಿಲ್ಲದೆ ಮೊಂತಿ ಹಬ್ಬದ ಊಟ ಊಟವೇ ಅಲ್ಲ.

ಊಟಕ್ಕೆ ಎದುರು ಮನೆಯ ಶೆಟ್ರನ್ನೂ ಅಕ್ಕನನ್ನೂ ಕರೆದಿದ್ದೆವು. ಕಾರ್ಕಳದವರು. ಅಕ್ಕ ದೇವರ ಪೀಠದಲ್ಲಿದ್ದ ಎರಡನೇ ತೆನೆಯನ್ನೇ ನೋಡುತ್ತಿದ್ದರು. "ನಮ್ಮಲ್ಲೂ ಕುರಲ್ (ತುಳುವಿನಲ್ಲಿ ತೆನೆ) ಕಟ್ಟುತ್ತೇವೆ ಮಾರಾಯ್ತಿ, ಬಾಗಿಲಿಗೆ. ಇಲ್ಲಿ ಬಂದ ಮೇಲೆ ಕಟ್ಟಲೇ ಇಲ್ಲ" ಎಂದರು. ನಾನು ಅದನ್ನು ಅವರ ಕೈಗೆ ಕೊಟ್ಟೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಮಾವಿನ ಎಲೆ ಇತ್ತಾ ಅವರ ಹತ್ರ, ಸೇರಿಸಿ ಕಟ್ಟಲಿಕ್ಕೆ?" ಎಂದು ಕೇಳಿದರು.