ಹರಿಯಬಾರದ ಪುಟಗಳು

ಕೊನೆಯ ವರ್ಷದ ಪ್ರಾಜೆಕ್ಟ್ ಆರಂಭವಾದ ದಿನ ನಮ್ಮ ಮಾರ್ಗದರ್ಶಕರಾಗಿದ್ದ ಮೇಡಂ ನಾಲ್ವರ ನಮ್ಮ ತಂಡದ ಕೈಗೆ ಮೊದಲು ಇಟ್ಟದ್ದು ಹೊಲಿದು ರಟ್ಟು ಕಟ್ಟಿದ ಒಂದು ದಪ್ಪ ನೋಟ್‌ಬುಕ್. ಮೈಕ್ರೋಕಂಟ್ರೋಲರ್ ಬೋರ್ಡು, ಸೆನ್ಸರ್‌ಗಳು, ತಂತಿಗಳೆಲ್ಲ ಸಿಕ್ಕಿದ್ದು ಅದಾಗಿ ಒಂದು ವಾರಕ್ಕೆ. ಆ ವಾರದಲ್ಲಿ ನಾವು ಮಾಡಬೇಕಿದ್ದ ಕೆಲಸವೆಂದರೆ ಪುಟಗಳಿಗೆಲ್ಲ ಕೈಯಿಂದ ಸಂಖ್ಯೆ ಹಾಕುವುದು ಮತ್ತು ಪ್ರಾಜೆಕ್ಟಿನ ಬಗ್ಗೆ ನಮಗೆ ಏನೇನು ಗೊತ್ತಿದೆ ಎಂದುಕೊಂಡಿದ್ದೆವೋ ಅದನ್ನೆಲ್ಲ ಒಂದೊಂದೇ ವಾಕ್ಯದಲ್ಲಿ ಬರೆಯುವುದು. ನಿಯಮಗಳು ಕಟ್ಟುನಿಟ್ಟಾಗಿದ್ದವು: ಪ್ರತಿ ಬರಹಕ್ಕೂ ದಿನಾಂಕ, ಗಂಟೆ, ಬರೆದವರ ಹೆಸರಿನ ಮೊದಲಕ್ಷರ ಇರಬೇಕು, ತಪ್ಪಾದರೆ ಅಡಿಯಲ್ಲಿರುವುದನ್ನು ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು, ಯಾವ ಕಾರಣಕ್ಕೂ ಪುಟ ಹರಿಯಬಾರದು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಅಂಚಿನ ಅಕ್ಷರದ ನಿಯಮ. ಬರೆದ ಪ್ರತಿಯೊಂದು ಸಂಗತಿಯ ಎಡಕ್ಕೆ, ಅಂಚಿನಲ್ಲಿ, ಮೂರರಲ್ಲಿ ಒಂದು ಅಕ್ಷರ ಬರೆಯಬೇಕಿತ್ತು. ನಾವೇ ಅಳೆದದ್ದಾದರೆ ‘ಅ’, ಎಲ್ಲಿಯಾದರೂ ಓದಿದ್ದಾದರೆ ‘ಓ’, ಬರಿಯ ಊಹೆಯಾದರೆ ‘ಊ’. ಮೊದಲ ವಾರ ನಾವು ಬರೆದ ಇಪ್ಪತ್ತಕ್ಕೂ ಹೆಚ್ಚು ವಾಕ್ಯಗಳಲ್ಲಿ ‘ಅ’ ಎಂದು ಗುರುತಿಸಲು ಬಂದದ್ದು ಒಂದೂ ಇರಲಿಲ್ಲ. ಬಹುಪಾಲು ‘ಊ’ ಆಗಿದ್ದವು. ಆ ಅಂಚನ್ನು ಮೇಲಿನಿಂದ ಕೆಳಗೆ ನೋಡಿದಾಗ ಆದ ಅನುಭವವನ್ನು ನಾನು ಇಂದಿಗೂ ಮರೆತಿಲ್ಲ. ಮೂರು ವರ್ಷ ಪರೀಕ್ಷೆಗಳಲ್ಲಿ ಚೆನ್ನಾಗಿ ಉತ್ತರ ಬರೆದು ಬಂದವರಿಗೆ, ತಮಗೆ ಖಚಿತವಾಗಿ ಗೊತ್ತಿರುವುದು ಯಾವುದು, ಗೊತ್ತಿದೆ ಎಂದು ನಂಬಿಕೊಂಡದ್ದು ಯಾವುದು ಎಂಬ ವ್ಯತ್ಯಾಸ ಮೊದಲ ಬಾರಿಗೆ ಕಣ್ಣಿಗೆ ಕಾಣುವ ರೂಪದಲ್ಲಿ ಎದುರಿಗೆ ಬಂದಿತ್ತು.

ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಭಾಗಗಳ ವಿದ್ಯಾರ್ಥಿಗಳಿಗೆ ಬೇಕಾದ ವೃತ್ತಿಕೌಶಲಗಳ ಬಗ್ಗೆ ಬರೆದುಕೊಡಿ ಎಂದು ಈ ಸಂಚಿಕೆಯ ಸಂಪಾದಕ ಮಂಡಳಿ ಕೇಳಿದಾಗ ನನಗೆ ನೆನಪಾದದ್ದು ಆ ನೋಟ್‌ಬುಕ್ಕೇ. ಸಂದರ್ಶನದಲ್ಲಿ ಹೇಗೆ ಕುಳಿತುಕೊಳ್ಳಬೇಕು, ಬಯೋಡೇಟಾ ಎಷ್ಟು ಪುಟ ಇರಬೇಕು ಎಂಬಂಥ ಸಲಹೆಗಳಿಗೂ ಬೆಲೆ ಇದೆ; ಅವು ಹಲವು ಕಡೆ ಸಿಗುತ್ತವೆ, ಒಂದು ಸಂಜೆಯಲ್ಲಿ ಕಲಿಯಲೂ ಬರುತ್ತವೆ. ನಾನು ಹೇಳಬೇಕೆಂದಿರುವ ಕೌಶಲ ಕೈಗೆ ಹತ್ತಲು ನನಗೆ ವರ್ಷಗಳೇ ಬೇಕಾದವು. ನಮಗೆ ಏನು ಗೊತ್ತು, ಅದು ಹೇಗೆ ಗೊತ್ತು ಎಂಬುದನ್ನು ಇನ್ನೊಬ್ಬರು ನೋಡಿ ಪರೀಕ್ಷಿಸುವಂತೆ, ಸಕಾಲದಲ್ಲಿ, ಕಾಣುವ ಜಾಗದಲ್ಲಿ ಬರೆದಿಡುವ ಕೌಶಲವದು.

ನಮ್ಮ ಪ್ರಾಜೆಕ್ಟ್ ಸರಳವಾದದ್ದು. ಒಂದು ಕೋಣೆಯ ನಾಲ್ಕು ಮೂಲೆಗಳ ತಾಪಮಾನವನ್ನು ನಿಮಿಷಕ್ಕೊಮ್ಮೆ ಅಳೆದು ದಾಖಲಿಸುವ ಉಪಕರಣ ಮಾಡಬೇಕಿತ್ತು. ಹಗಲಿನಲ್ಲಿ ಅದು ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿತ್ತು; ರಾತ್ರಿಯಿಡೀ ಬಿಟ್ಟರೆ ಮಾತ್ರ ಬೆಳಗಿನ ಹೊತ್ತಿಗೆ ದಾಖಲೆ ಎಲ್ಲೋ ನಡುವೆ ನಿಂತುಹೋಗಿರುತ್ತಿತ್ತು. ವಿದ್ಯುತ್ ಪೂರೈಕೆಯ ಏರಿಳಿತವೇ ಕಾರಣವೆಂದು ಒಬ್ಬರು, ಬೋರ್ಡು ಬಿಸಿಯಾಗುತ್ತಿದೆ ಎಂದು ಮತ್ತೊಬ್ಬರು, ಮೆಮೊರಿ ಕಾರ್ಡ್ ಕೆಟ್ಟಿದೆ ಎಂದು ನಾನು ವಾದಿಸುತ್ತಿದ್ದೆವು. ಹತ್ತು ದಿನ ಒಂದಾದ ಮೇಲೊಂದರಂತೆ ಬಿಡಿಭಾಗಗಳನ್ನು ಬದಲಿಸಿದೆವು. ತಂಡದಲ್ಲಿ ಅತ್ಯಂತ ಕಡಿಮೆ ಮಾತನಾಡುತ್ತಿದ್ದ ಗೆಳತಿ ಒಬ್ಬಳು ಈ ವಾದಗಳಲ್ಲಿ ಸೇರುತ್ತಿರಲಿಲ್ಲ. ಅವಳು ಪ್ರತಿ ಸಂಜೆ ಉಪಕರಣವನ್ನು ಚಾಲೂ ಮಾಡಿದ ಗಂಟೆಯನ್ನೂ, ಮರುದಿನ ಬೆಳಿಗ್ಗೆ ಕೊನೆಯ ದಾಖಲೆಯ ಗಂಟೆಯನ್ನೂ ನೋಟ್‌ಬುಕ್ಕಿನಲ್ಲಿ ‘ಅ’ ಎಂಬ ಗುರುತಿನೊಂದಿಗೆ ಬರೆಯುತ್ತಾ ಹೋದಳು.

ಆ ಪುಟ ನನಗೆ ಹಾಗೆಯೇ ನೆನಪಿದೆ. ಮೊದಲ ದಿನ ಸಂಜೆ 6:10ಕ್ಕೆ ಆರಂಭ, ಕೊನೆಯ ದಾಖಲೆ ನಸುಕಿನ 3:16. ಮರುದಿನ ಸಂಜೆ 5:40ಕ್ಕೆ ಆರಂಭ, ಕೊನೆಯ ದಾಖಲೆ 2:46. ಮೂರನೆಯ ದಿನ ಸಂಜೆ 7:05ಕ್ಕೆ ಆರಂಭ, ಕೊನೆಯ ದಾಖಲೆ 4:11. ಒಂದು ಮಧ್ಯಾಹ್ನ ಅವಳು ಸುಮ್ಮನೆ ಕಳೆದು ನೋಡಿದಳು. ಮೂರೂ ಸಾಲುಗಳಲ್ಲಿ ಬಂದ ವ್ಯತ್ಯಾಸ 9 ಗಂಟೆ 6 ನಿಮಿಷ. ಅಷ್ಟು ಗೊತ್ತಾದ ಮೇಲೆ ಕಾರಣ ಹುಡುಕಲು ಕಾಲು ಗಂಟೆಯೂ ಬೇಕಾಗಲಿಲ್ಲ. ಕಳೆದ ಸೆಕೆಂಡುಗಳನ್ನು ಎಣಿಸಲು ನಾನು ಬಳಸಿದ್ದ ಚರವು, ಅಂದರೆ ಪ್ರೋಗ್ರಾಮಿನಲ್ಲಿ ಸಂಖ್ಯೆಯನ್ನು ಇಡುವ ಜಾಗವು, ಚಿಹ್ನೆಸಹಿತವಾದ (ಧನ, ಋಣ ಎರಡೂ ಸಂಖ್ಯೆಗಳನ್ನು ಹಿಡಿಯುವ) 16 ಬಿಟ್‌ಗಳ ಪೂರ್ಣಾಂಕವಾಗಿತ್ತು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32,767. ಅಷ್ಟು ಸೆಕೆಂಡುಗಳೆಂದರೆ 9 ಗಂಟೆ 6 ನಿಮಿಷ 7 ಸೆಕೆಂಡು. ಮುಂದಿನ ಸೆಕೆಂಡಿಗೆ ಎಣಿಕೆ ಉಕ್ಕಿ ಋಣಸಂಖ್ಯೆಗೆ ಉರುಳುತ್ತಿತ್ತು, ಋಣಾತ್ಮಕ ಸಮಯವನ್ನು ಒಪ್ಪಿಕೊಳ್ಳಬಾರದು ಎಂದು ನಾವೇ ಬರೆದಿದ್ದ ಪರಿಶೀಲನೆ ಅಲ್ಲಿಂದ ಮುಂದಿನ ಅಳತೆಗಳನ್ನೆಲ್ಲ ತಿರಸ್ಕರಿಸುತ್ತಿತ್ತು. ಹತ್ತು ದಿನದ ನಮ್ಮ ಜಾಣತನದ ವಾದಗಳಿಂದ ಆಗದ ಕೆಲಸ ಮೂರು ಸಾಲಿನ ಪ್ರಾಮಾಣಿಕ ದಾಖಲೆಯಿಂದ ಆಯಿತು.

ಮೇಡಂ ಅಂದು ನಮ್ಮನ್ನು ಬೈಯಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟಗಳನ್ನು ತಿರುವಿ, ‘ಉಪಕರಣ ಒಮ್ಮೆಗೆ ಕೆಲವೇ ಗಂಟೆ ನಡೆಯುತ್ತದೆ’ ಎಂದು ನಾನೇ ಬರೆದಿದ್ದ ವಾಕ್ಯವನ್ನು ಬೆರಳಿಟ್ಟು ತೋರಿಸಿದರು. ಅಂಚಿನಲ್ಲಿ ‘ಊ’ ಇತ್ತು. ಊಹೆ ತಪ್ಪಾಗಿರಲಿಲ್ಲ, ಪ್ರಾಜೆಕ್ಟಿನ ಆರಂಭದ ಮಟ್ಟಿಗೆ ಸರಿಯಾಗಿಯೇ ಇತ್ತು. ಅದು ಕೋಡ್ ಒಳಗೆ ಹೊಕ್ಕ ಮೇಲೆ ಊಹೆ ಎಂಬ ಗುರುತು ಕಳೆದುಹೋಗಿತ್ತು, ಅಷ್ಟೆ. ಆಮೇಲೆ ಅವರು ಯುರೋಪಿನ ಏರಿಯಾನ್ 5 ರಾಕೆಟ್ಟಿನ ಮೊದಲ ಹಾರಾಟದ ವಿಷಯ ಹೇಳಿದರು. 1996ರ ಜೂನ್ 4ರಂದು ಆ ರಾಕೆಟ್ ಹಾರಿದ ಒಂದು ನಿಮಿಷದೊಳಗೆ ದಾರಿ ತಪ್ಪಿ ಒಡೆದು ನಾಶವಾಯಿತು. ಹಿಂದಿನ ಏರಿಯಾನ್ 4ರಿಂದ ಎತ್ತಿಕೊಂಡಿದ್ದ ಸಾಫ್ಟ್‌ವೇರ್, 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ತುಂಬಲು ಹೋಗಿ ವಿಫಲವಾಗಿತ್ತು. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಬಹಳ ಬೇಗ ಹೆಚ್ಚುವುದರಿಂದ ಆ ಸಂಖ್ಯೆ ಹಿಡಿಸದಷ್ಟು ದೊಡ್ಡದಾಗಿತ್ತು. ಇಂಥ ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟು ಮೂರನ್ನು ಹಾಗೆಯೇ ಬಿಡುವ ನಿರ್ಧಾರವನ್ನು ಸಂಬಂಧಪಟ್ಟವರು ಚರ್ಚಿಸಿಯೇ ತೆಗೆದುಕೊಂಡಿದ್ದರು. ಆದರೆ ಆ ನಿರ್ಧಾರದ ಕಾರಣ ಕೋಡಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ, ದಾಖಲೆಗಳ ರಾಶಿಯಲ್ಲಿ ಅದು ಹೊರಗಿನ ಪರಿಶೀಲಕರ ಕಣ್ಣಿಗೆ ಬೀಳದಂತೆ ಹುದುಗಿಹೋಗಿತ್ತು ಎಂದು ತನಿಖಾ ಮಂಡಳಿ ವರದಿ ಮಾಡಿತು. ನಮ್ಮ ಪುಟ್ಟ ಉಪಕರಣದ ತಪ್ಪನ್ನೂ ಆ ರಾಕೆಟ್ಟಿನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅವರ ಉದ್ದೇಶವಾಗಿರಲಿಲ್ಲ. ಊಹೆ ಮಾಡುವುದು ತಪ್ಪಲ್ಲ, ಊಹೆಯನ್ನು ಕಾಣದ ಜಾಗದಲ್ಲಿ ಬಿಡುವುದು ತಪ್ಪು ಎಂಬುದನ್ನು ನಮ್ಮ ಸ್ವಂತ ಸೋಲು ಇನ್ನೂ ಹಸಿಯಾಗಿರುವಾಗಲೇ ಮನದಟ್ಟು ಮಾಡಿಸಿದರು.

ದಾಖಲೆ ಪುಸ್ತಕದ ಅಭ್ಯಾಸ ಕಂಪ್ಯೂಟರ್‌ನಷ್ಟೇ ಹಳೆಯದು ಎಂಬುದನ್ನು ನಾನು ತಿಳಿದದ್ದು ಆಮೇಲೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ತಂಡದವರು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು) ಒಂದರಲ್ಲಿ ಸಿಕ್ಕಿಕೊಂಡಿದ್ದ ಪತಂಗವನ್ನು ತೆಗೆದು, ದಿನದ ದಾಖಲೆ ಪುಸ್ತಕದಲ್ಲಿ ಟೇಪಿನಿಂದ ಅಂಟಿಸಿ, ಪಕ್ಕದಲ್ಲಿ 15:45 ಎಂಬ ಸಮಯ, ಎಫ್ ಫಲಕದ 70ನೇ ರಿಲೇ ಎಂಬ ಸ್ಥಳ ಎರಡನ್ನೂ ಬರೆದರು. ಕಂಪ್ಯೂಟರಿನ ದೋಷಕ್ಕೆ ‘ಬಗ್’, ಅಂದರೆ ಹುಳು, ಎನ್ನುವುದರಿಂದ ಎಲ್ಲರೂ ಆ ಪತಂಗವನ್ನು ನೆನೆಯುತ್ತಾರೆ. ನನ್ನ ಗೌರವ ಆ ಸಮಯ ಮತ್ತು ಸ್ಥಳವನ್ನು ಬರೆದ ಕೈಗೆ ಸಲ್ಲುತ್ತದೆ.

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ನಾನು ಈ ಪಾಠವನ್ನು ಮರೆತೆ, ಅದಕ್ಕೆ ಬೆಲೆಯನ್ನೂ ತೆತ್ತೆ. ಒಂದು ಮಾಡ್ಯೂಲನ್ನು ಮೂರು ವಾರದಲ್ಲಿ ಮುಗಿಸುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಮೊದಲ ವಾರದ ಕೊನೆಗೇ ಅದು ಆಗುವ ಮಾತಲ್ಲ ಎಂದು ಒಳಗೆ ಗೊತ್ತಾಗಿತ್ತು. ಆದರೂ ಪ್ರತಿ ದಿನದ ಬೆಳಗಿನ ಸಭೆಯಲ್ಲಿ ‘ನಡೆಯುತ್ತಿದೆ’ ಎಂಬ ಒಂದೇ ಉತ್ತರ ಕೊಡುತ್ತಾ ಎರಡು ವಾರ ಕಳೆದೆ. ಕೊನೆಗೆ ಸತ್ಯ ಹೇಳಿದಾಗ ನನ್ನ ತಂಡದ ಹಿರಿಯರು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: ಇದು ನಿಮಗೆ ಯಾವ ದಿನ ಗೊತ್ತಾಯಿತು? ತಡವಾದುದಕ್ಕೆ ಅವರು ಬೇಸರಪಡಲಿಲ್ಲ. ಮೊದಲೇ ತಿಳಿದಿದ್ದರೆ ಇನ್ನೊಬ್ಬರನ್ನು ಜೊತೆಗೆ ಹಾಕಬಹುದಿತ್ತು, ಕೆಲಸದ ವ್ಯಾಪ್ತಿಯನ್ನು ಕಿರಿದುಗೊಳಿಸಬಹುದಿತ್ತು, ಗ್ರಾಹಕರಿಗೆ ಮುಂಚಿತವಾಗಿ ತಿಳಿಸಬಹುದಿತ್ತು; ಆ ಮೂರೂ ದಾರಿಗಳನ್ನು ನನ್ನ ಮೌನ ಮುಚ್ಚಿಬಿಟ್ಟಿತ್ತು. ಅಂದಿನಿಂದ ನಾನು ಒಪ್ಪಿಕೊಳ್ಳುವ ಪ್ರತಿ ಕೆಲಸಕ್ಕೂ ನನ್ನ ಅಂದಾಜು ಸಮಯವನ್ನು ಬರೆದು, ಮುಗಿದ ಮೇಲೆ ನಿಜವಾಗಿ ಹಿಡಿದ ಸಮಯವನ್ನು ಅದರ ಪಕ್ಕದಲ್ಲೇ ಬರೆಯುತ್ತಾ ಬಂದಿದ್ದೇನೆ. ವಿದ್ಯಾರ್ಥಿಗಳು ಇದನ್ನು ಅಸೈನ್‌ಮೆಂಟುಗಳಿಂದಲೇ ಆರಂಭಿಸಬಹುದು. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ತನ್ನ ಅಂದಾಜು ಯಾವ ಬಗೆಯ ಕೆಲಸದಲ್ಲಿ ತಪ್ಪುತ್ತದೆ ಎಂಬುದು ಪ್ರತಿಯೊಬ್ಬರಿಗೂ ತಿಳಿದುಬರುತ್ತದೆ.

ಹೇಳಿದರಷ್ಟೇ ಸಾಲದು, ಹೇಳಬೇಕಾದ ಜಾಗದಲ್ಲಿ ಹೇಳಬೇಕು. ಮಂಗಳ ಗ್ರಹದ ಹವಾಮಾನ ಅಧ್ಯಯನಕ್ಕೆ ಕಳಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋದದ್ದು, ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಬಲದ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ಕಡೆಯವರು ನ್ಯೂಟನ್ ಮಾನದ್ದೆಂದು ತಿಳಿದುಕೊಂಡದ್ದರಿಂದ. ಎರಡರ ನಡುವಿನ ಅಂತರ ಸುಮಾರು 4.45 ಪಟ್ಟು. ಏಕಮಾನದ ಈ ಕಥೆಯನ್ನು ಎಲ್ಲ ತರಗತಿಗಳಲ್ಲೂ ಹೇಳುತ್ತಾರೆ. ಅದೇ ತನಿಖೆಯ ಇನ್ನೊಂದು ಅಂಶವನ್ನು ಮಾತ್ರ ಹೇಳುವವರು ಕಡಿಮೆ: ನೌಕೆಯ ಪಥ ಲೆಕ್ಕ ಹಾಕುತ್ತಿದ್ದವರಿಗೆ ಏನೋ ಹೊಂದುತ್ತಿಲ್ಲ ಎಂಬ ಅನುಮಾನ ಮೊದಲೇ ಬಂದಿತ್ತು, ಆದರೆ ಅದು ದೋಷಗಳನ್ನು ದಾಖಲಿಸುವ ನಿಗದಿತ ಕ್ರಮದಲ್ಲಿ ಸೇರದೆ ಇಮೇಲ್‌ಗಳಲ್ಲಿ, ಮಾತುಕತೆಗಳಲ್ಲಿ ಉಳಿದುಹೋಯಿತು. ನಾನು ಹೊಸಬರಿಗೆ ದೋಷವರದಿ ಬರೆಯುವುದನ್ನು ಕಲಿಸುವಾಗ ಈ ಎರಡನೆಯ ಅಂಶದಿಂದಲೇ ಆರಂಭಿಸುತ್ತೇನೆ. ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಎಷ್ಟು ಸಲ ಹಾಗಾಯಿತು ಎಂಬ ನಾಲ್ಕು ಸಂಗತಿಗಳಿರುವ ವರದಿಯನ್ನು ಓದಿದವರಿಗೆ ಬರೆದವರನ್ನು ಹುಡುಕಿಕೊಂಡು ಹೋಗುವ ಅಗತ್ಯ ಬೀಳುವುದಿಲ್ಲ.

2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಗಿಟ್ ಎಂಬ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ ಇಂದು ನಮ್ಮ ನೋಟ್‌ಬುಕ್ಕಿನ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ: ದಿನಾಂಕ, ಗಂಟೆ, ಬರೆದವರ ಹೆಸರು ತಾನಾಗಿಯೇ ಬೀಳುತ್ತವೆ, ಅಳಿಸಿದ ಸಾಲೂ ಹುಡುಕಿದರೆ ಸಿಗುತ್ತದೆ. ಆದರೆ ಏಕೆ ಬದಲಿಸಿದೆ ಎಂಬುದನ್ನು ಅದು ತಾನಾಗಿ ಬರೆಯಲಾರದು. ‘ಸರಿಪಡಿಸಿದೆ’ ಎಂಬ ಒಂದೇ ಪದದ ಕಮಿಟ್ ಸಂದೇಶಗಳ (ಬದಲಾವಣೆಯ ಜೊತೆಗೆ ಬರೆಯುವ ಟಿಪ್ಪಣಿಗಳ) ಸಾಲನ್ನು ಕಂಡಾಗ ನನಗೆ ಅಂಚಿನ ಅಕ್ಷರವಿಲ್ಲದ ಪುಟ ನೆನಪಾಗುತ್ತದೆ. ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವ ಕೋಡ್ ರಿವ್ಯೂ ವಿಷಯದಲ್ಲೂ ಅಷ್ಟೆ. ತನ್ನ ಕೋಡಿನ ಮೇಲೆ ಬಂದ ಟಿಪ್ಪಣಿಯನ್ನು ತನ್ನ ಮೇಲೆ ಬಂದ ಆಕ್ಷೇಪವೆಂದು ತಿಳಿಯದಿರುವುದನ್ನು ಕಾಲೇಜಿನಲ್ಲಿಯೇ ರೂಢಿಸಿಕೊಂಡವರು ಕೆಲಸದಲ್ಲಿ ಬಹಳ ಬೇಗ ಬೆಳೆಯುವುದನ್ನು ಕಂಡಿದ್ದೇನೆ. ಸಹಪಾಠಿಗಳು ಒಬ್ಬರ ಕೋಡನ್ನು ಇನ್ನೊಬ್ಬರು ಓದಿ, ಅರ್ಥವಾಗದ ಕಡೆ ಸಂಕೋಚವಿಲ್ಲದೆ ಪ್ರಶ್ನೆ ಬರೆಯುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ.

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯಾದ ವೈವಾದ ಬಗ್ಗೆಯೂ ಒಂದು ಮಾತು. ಪರೀಕ್ಷಕರು ಕೇಳಿದ ಒಂದು ಪ್ರಶ್ನೆಗೆ ನಮ್ಮ ಆ ಗೆಳತಿ, ಅದನ್ನು ನಾವು ಅಳೆದಿಲ್ಲ, ಅಳೆಯಬೇಕಾದರೆ ಹೀಗೆ ಮಾಡುತ್ತೇವೆ ಎಂದು ನಿಧಾನವಾಗಿ ವಿವರಿಸಿದಳು. ಸುತ್ತಿ ಬಳಸಿ ಉತ್ತರ ಕಟ್ಟಲು ಸಿದ್ಧನಾಗಿದ್ದ ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಕಂಪ್ಯೂಟರ್ ವೃತ್ತಿಯವರ ಸಂಘಟನೆಯಾದ ಎಸಿಎಂನ ನೀತಿಸಂಹಿತೆ 2018ರಲ್ಲಿ ಪರಿಷ್ಕೃತವಾಯಿತು. ತಮ್ಮ ಅರ್ಹತೆಯ ಬಗ್ಗೆ, ಸಾಮರ್ಥ್ಯದ ಮಿತಿಗಳ ಬಗ್ಗೆ ಪ್ರಾಮಾಣಿಕವಾಗಿರಬೇಕು, ವ್ಯವಸ್ಥೆಯ ಮಿತಿಗಳನ್ನೂ ಸಂಭವನೀಯ ತೊಂದರೆಗಳನ್ನೂ ಸಂಬಂಧಪಟ್ಟವರಿಗೆ ಪೂರ್ಣವಾಗಿ ತಿಳಿಸಬೇಕು ಎಂದು ಅದು ಹೇಳುತ್ತದೆ. ಅದನ್ನು ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಆ ವೈವಾ ಕೋಣೆ.

ಪ್ರಾಜೆಕ್ಟ್ ಮುಗಿದ ಮೇಲೆ ನೋಟ್‌ಬುಕ್ ಮತ್ತು ಉಪಕರಣ ಎರಡನ್ನೂ ಮುಂದಿನ ವರ್ಷದ ತಂಡಕ್ಕೆ ಒಪ್ಪಿಸಬೇಕಿತ್ತು. ಕೆಲವು ತಿಂಗಳ ನಂತರ ಆ ತಂಡದ ವಿದ್ಯಾರ್ಥಿಯೊಬ್ಬರು ನಮಗೆ ಇಮೇಲ್ ಬರೆದರು. ಇಡೀ ನೋಟ್‌ಬುಕ್ ಓದಿ ಅವರಿಗೆ ಉಳಿದದ್ದು ಒಂದೇ ಪ್ರಶ್ನೆ: 74ನೇ ಪುಟದಲ್ಲಿ ಮೂರನೆಯ ಸೆನ್ಸರಿನ ಅಳತೆಯಿಂದ 0.8 ಡಿಗ್ರಿ ಕಳೆಯಬೇಕು ಎಂದಿದೆ, ಅಂಚಿನಲ್ಲಿ ಅಕ್ಷರವಿಲ್ಲ, ಇದು ಅಳೆದದ್ದೋ, ಊಹೆಯೋ? ಬರಹ ನನ್ನದೇ ಆಗಿತ್ತು. ನಾವು ನಾಲ್ವರೂ ಒಂದು ಸಂಜೆ ಫೋನಿನಲ್ಲಿ ಸೇರಿ ನೆನಪಿಸಿಕೊಂಡೆವು. ಸೊನ್ನೆ ಡಿಗ್ರಿ ತೋರಿಸಬೇಕಾಗಿದ್ದ ಕರಗುವ ಮಂಜುಗಡ್ಡೆಯ ನೀರಿನಲ್ಲಿ ಆ ಸೆನ್ಸರನ್ನು ಅದ್ದಿದಾಗ ಅದು 0.8 ತೋರಿಸಿತ್ತು, ಹಾಗೆ ಅದ್ದಿ ನೋಡಿದ್ದು ಒಂದೇ ಸಲ. ಅಷ್ಟನ್ನೇ ಅವರಿಗೆ ಬರೆದು, ಮತ್ತೊಮ್ಮೆ ಅಳೆದು ನೋಡುವಂತೆ ಕೇಳಿಕೊಂಡೆವು. ವಾರದ ನಂತರ ಅವರಿಂದ ಒಂದು ಫೋಟೊ ಬಂತು. 74ನೇ ಪುಟದ ಆ ಸಂಖ್ಯೆಯ ಮೇಲೆ, ಅಡಿಯ ಅಕ್ಷರ ಕಾಣುವಂತೆ, ಒಂದೇ ಗೆರೆ ಎಳೆದಿತ್ತು. ಪಕ್ಕದಲ್ಲಿ ಹೊಸ ದಿನಾಂಕ, ಹತ್ತು ಸಲದ ಅಳತೆಗಳು, 0.5 ಎಂಬ ಸರಾಸರಿ, ಅಂಚಿನಲ್ಲಿ ದುಂಡಗೆ ಬರೆದ ‘ಅ’.