ಕುದುರೆಯಲ್ಲಿ ನನಗೆ ಕಾಲು ಪಾಲು

ರೇಸ್ ಕುದುರೆ ಇದೆ ಅಂದ ತಕ್ಷಣ ಸಕಲೇಶಪುರದಲ್ಲಿ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ತೋಟ ಎಷ್ಟು ಎಕರೆ ಅಡ ಇಟ್ಟಿದ್ದೀರಿ ಅಂತ ಒಂದು. ಈ ವಾರ ಯಾವುದು ಬರುತ್ತೆ, ಸುಮ್ನೆ ಕಿವೀಲಿ ಹೇಳಿ ಅಂತ ಇನ್ನೊಂದು. ತೋಟ ಅಡ ಇಟ್ಟಿಲ್ಲ. ಯಾವುದು ಬರುತ್ತದೋ ನನಗೆ ಗೊತ್ತಿಲ್ಲ, ನಾನು ಬೆಟ್ ಕಟ್ಟುವುದೂ ಇಲ್ಲ. ಕಾಫಿ ಕಣದಲ್ಲಿ ಕೆಲಸ ಮಾಡುವ ಹುಡುಗ ಮಾತ್ರ ಬೇರೆ ಕೇಳಿದ: "ಕಾಲು ಪಾಲು ಅಂದ್ರಲ್ಲ ಅಮ್ಮಾ, ಯಾವ ಕಾಲು, ಮುಂದಿಂದಾ ಹಿಂದಿಂದಾ?"

ನಾವು ನಾಲ್ಕು ಜನ. ನಾನು, ಅಕ್ಕನ ಗಂಡ ಅಂದರೆ ನಮ್ಮ ಭಾವ, ಬಾಳ್ಳುಪೇಟೆ ಕಡೆಯ ಕಾಳುಮೆಣಸಿನ ವ್ಯಾಪಾರಿಯೊಬ್ಬರು, ಮತ್ತೆ ಹಾಸನದಲ್ಲಿ ನಿವೃತ್ತರಾಗಿರುವ ಪಶುವೈದ್ಯರು. ಎಲ್ಲರಿಗೂ ಸಮಪಾಲು. ಲೆಕ್ಕ ಬರೆಯುವುದು ನಾನು, ಯಾಕೆಂದರೆ ಉಳಿದ ಮೂವರಿಗೂ ಒಬ್ಬರ ಲೆಕ್ಕದ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇಲ್ಲ. ನನ್ನ ಪಾಲಿನ ತಿಂಗಳ ಬಿಲ್ಲು ತೋಟದ ಒಬ್ಬ ಕಾಯಂ ಆಳಿನ ಸಂಬಳದಷ್ಟಾಗುತ್ತದೆ. ಟ್ರೈನರ್ ಫೀಸು, ಕುದುರೆ ನೋಡಿಕೊಳ್ಳುವ ಸೈಸ್ ಸಂಬಳ, ಓಟ್ಸು, ಬೂಸಾ, ಕುದುರೆ ಮಸಾಲೆ ಹುಲ್ಲು, ಲಾಳ, ಡಾಕ್ಟರು, ಎಲ್ಲ ಸೇರಿ. ಒಬ್ಬರೇ ಹೊರುವ ಮಾತಾಗಿದ್ದರೆ ನಮ್ಮಲ್ಲಿ ಯಾರೂ ಈ ಕಡೆ ತಲೆ ಹಾಕುತ್ತಿರಲಿಲ್ಲ.

ಮರಿಯನ್ನು ನಾವು ಕೊಂಡಿಲ್ಲ, ಲೀಸ್ ಮೇಲೆ ತಂದಿದ್ದೇವೆ. ಹೆಣ್ಣು ಮರಿಗಳಲ್ಲಿ ಈ ವ್ಯವಸ್ಥೆ ಮಾಮೂಲಿ. ಕುದುರೆ ಮರಿ ಹಾಕಿಸಿ ಬೆಳೆಸುವ ಸ್ಟಡ್ ಫಾರ್ಮಿನವರಿಗೆ ಅದರ ತಳಿ ಬೇಕು, ಓಡಿಸುವ ಖರ್ಚು ಬೇಡ. ನಮಗೆ ಓಟ ಬೇಕು, ಒಟ್ಟಿಗೇ ದೊಡ್ಡ ದುಡ್ಡು ಹಾಕುವ ತಾಕತ್ತು ಇಲ್ಲ. ಓಡುವಷ್ಟು ವರ್ಷ ಖರ್ಚು ನಮ್ಮದು, ಗೆದ್ದ ದುಡ್ಡಿನಲ್ಲಿ ಅವರಿಗೊಂದು ಪಾಲು. ಓಟ ಮುಗಿದ ಮೇಲೆ ಮರಿ ಹಾಕಿಸಲು ವಾಪಸ್ ಅವರ ಮನೆಗೆ. ಅದು ಹುಟ್ಟಿದ ದಿನದಿಂದ ಅಪ್ಪ ಅಮ್ಮ ಯಾರು ಅನ್ನುವುದೆಲ್ಲ ಪುಣೆಯ ಸ್ಟಡ್ ಬುಕ್ ಅಥಾರಿಟಿಯಲ್ಲಿ ದಾಖಲಾಗಿರುತ್ತದೆ. ನಮ್ಮಲ್ಲಿ ಎಷ್ಟೋ ಜಮೀನಿನ ಪಹಣಿ ಇಷ್ಟು ಸ್ಪಷ್ಟ ಇಲ್ಲ.

ಲಾಯದಲ್ಲಿ ಅದನ್ನು ಪುಟ್ಟಿ ಅಂತ ಕರೆಯುತ್ತಾರೆ. ರೇಸ್ ಹೆಸರು ಇಲ್ಲಿ ಬರೆಯುವುದಿಲ್ಲ. ಹುಡುಕಿ ದುಡ್ಡು ಕಟ್ಟಿ, ಸೋತು, ನನಗೆ ಬೈಯುವವರಿದ್ದಾರೆ.

ಎಳೆ ಕುದುರೆಯ ವಿಷಯದಲ್ಲಿ ಮೊದಲ ತಕರಾರು ವಯಸ್ಸಿನದ್ದೇ. ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗೂ ಜನವರಿ 1ಕ್ಕೇ ವರ್ಷ ತುಂಬುತ್ತದೆ. ಪುಟ್ಟಿ ಹುಟ್ಟಿದ್ದು 2021ರ ಏಪ್ರಿಲ್ ಕೊನೆಯಲ್ಲಿ. 2023ರ ಜನವರಿಗೆ ಪುಸ್ತಕದಲ್ಲಿ ಎರಡು ವರ್ಷ. ಮೈಯಲ್ಲಿ ಇಪ್ಪತ್ತೇ ತಿಂಗಳು. 2021ರ ಜನವರಿಯಲ್ಲೇ ಹುಟ್ಟಿದ ಮರಿಗೂ ಇದಕ್ಕೂ ಸ್ಟಾರ್ಟಿಂಗ್ ಗೇಟಿನಲ್ಲಿ ವ್ಯತ್ಯಾಸ ಇಲ್ಲ, ಮೂಳೆಯಲ್ಲಿ ಇದೆ. ನಮ್ಮ ಪಾಲುದಾರ ಪಶುವೈದ್ಯರು, ನಮ್ಮ ಬಾಯಲ್ಲಿ ಡಾಕ್ಟ್ರು, ಮುಂಗಾಲಿನ ಮಂಡಿಯ ಎಕ್ಸ್‌ರೇ ತರಿಸಿ ಭಾವನ ಮನೆ ಜಗುಲಿಯಲ್ಲಿ ಬೆಳಕಿಗೆ ಹಿಡಿದು ತೋರಿಸಿದರು. ಮಂಡಿಯ ಮೇಲೆ ಮೂಳೆಗೆ ಅಡ್ಡಲಾಗಿ ಸಣ್ಣದೊಂದು ಕಪ್ಪು ಗೆರೆ. ಮೂಳೆ ಬೆಳೆಯುವ ಜಾಗ ಅದು. ಆ ಗೆರೆ ಮುಚ್ಚಿಕೊಳ್ಳಲು ಎರಡು, ಎರಡೂವರೆ ವರ್ಷ ಬೇಕು. "ಇದು ಮುಚ್ಚೋ ತನಕ ಜೋರು ಓಟ ಬೇಡ" ಅಂದರು.

ಮೆಣಸಿನ ವ್ಯಾಪಾರಿಗಳಿಗೆ ಇದು ಹಿಡಿಸಲಿಲ್ಲ. ಎರಡು ವರ್ಷದ ಮರಿಗಳು ಬೆಂಗಳೂರಿನ ಚಳಿಗಾಲದ ಸೀಸನ್ನಿನಲ್ಲಿ ಓಡಲು ಶುರು ಮಾಡುತ್ತವೆ. ಆಗ ಎದುರಾಳಿಗಳೂ ಹೊಸಬರೇ, ಗೆಲ್ಲಲು ಸುಲಭ ಅನ್ನುವುದು ಅವರ ವಾದ. ಪೂರ್ತಿ ತಪ್ಪು ವಾದ ಅಲ್ಲ. ಬೇಗ ಮಾಗುವ ಮರಿಗಳು ಇರುತ್ತವೆ. ಪುಟ್ಟಿ ಆ ಜಾತಿಯದಲ್ಲ ಅಷ್ಟೇ. ಉದ್ದ ಕಾಲು, ಸಣ್ಣ ಎದೆ, ಸೊಂಟದ ಹತ್ತಿರ ಎತ್ತರ, ಭುಜದ ಹತ್ತಿರ ತಗ್ಗು. ಇನ್ನೂ ಬೆಳೆಯುತ್ತಿದೆ ಅಂತ ನನಗೂ ಕಾಣುತ್ತಿತ್ತು. ನಮ್ಮ ಮನೆಯವರು ಪಾಲುದಾರರಲ್ಲದಿದ್ದರೂ ಕಾಫಿ ಕುಡಿಯುತ್ತಾ ಒಂದು ಮಾತು ಸೇರಿಸಿದರು: ಎಳೆ ಅರೇಬಿಕಾ ಗಿಡಕ್ಕೆ ಶಕ್ತಿ ಮೀರಿ ಕಾಯಿ ಬಿಡಲು ಬಿಟ್ಟರೆ ರೆಂಬೆ ಒಣಗುತ್ತದೆ, ಮುಂದಿನ ಫಸಲೂ ಇಲ್ಲ. ತೋಟದವರ ಮಧ್ಯೆ ಇದಕ್ಕಿಂತ ದೊಡ್ಡ ವಾದ ಇಲ್ಲ. ಆದರೂ ಕೊನೆಗೆ ಟ್ರೈನರ್ ಹೇಳಿದಂತೆ ಮಾಡೋಣ ಅಂತ ಆಯಿತು. ಟ್ರೈನರ್ ನಿಧಾನಕ್ಕೆ ವೇಗ ಹೆಚ್ಚಿಸಿದರು.

ಅಕ್ಟೋಬರ್‌ನಲ್ಲಿ ಶಿನ್ ಬಂತು. ಟ್ರ್ಯಾಕಿನವರು ಹಾಗೇ ಹೇಳುವುದು. ಮಂಡಿ ಕೆಳಗಿನ ಉದ್ದ ಮೂಳೆಯ ಮುಂಭಾಗಕ್ಕೆ ಜೋರು ಓಟದ ಹೊಡೆತ ಬಿದ್ದು ನೋವು ಬರುವುದು. ಎಳೆ ಕುದುರೆಗಳಲ್ಲಿ ತುಂಬಾ ಸಾಮಾನ್ಯ. ನಾವು ಬೆಳಗಿನ ಜಾವ ಲಾಯಕ್ಕೆ ಹೋದಾಗ ಸೈಸ್ ಅದರ ಹಗ್ಗ ಹಿಡಿದು ನಿಂತಿದ್ದ. ಡಾಕ್ಟ್ರು ಪಂಚೆ ಮೇಲೆತ್ತಿ ಕಟ್ಟಿ ಕುಕ್ಕುರುಗಾಲಲ್ಲಿ ಕೂತು ಎಡಗಾಲಿನ ಮೂಳೆ ಮೇಲೆ ಹೆಬ್ಬೆರಳು ಇಟ್ಟು ಮೇಲಿಂದ ಕೆಳಕ್ಕೆ ಜಾರಿಸಿದರು. ಅರ್ಧ ದಾರಿಯಲ್ಲಿ ಪುಟ್ಟಿ ಕಾಲನ್ನು ಸರಕ್ಕನೆ ಎಳೆದುಕೊಂಡಳು. ಮತ್ತೆ ಇಟ್ಟರು, ಅದೇ ಜಾಗ, ಮತ್ತೆ ಎಳೆದುಕೊಂಡಳು. ನನಗೂ ಮುಟ್ಟಿಸಿದರು. ಬಲಗಾಲು ತಣ್ಣಗಿತ್ತು, ಎಡಗಾಲಿನಲ್ಲಿ ಆ ಒಂದು ಜಾಗ ಮಾತ್ರ ಬೆಚ್ಚಗೆ. ಮೆಣಸಿನ ವ್ಯಾಪಾರಿಗಳೂ ಮುಟ್ಟಿ ನೋಡಿದರು. ಆಮೇಲೆ ಚಳಿಗಾಲದ ಸೀಸನ್ ಬಗ್ಗೆ ಅವರು ಬಾಯಿ ಬಿಡಲಿಲ್ಲ.

ಪಾಲುದಾರಿಕೆಯಲ್ಲಿ ದುಡ್ಡು ಹಂಚಿಕೊಳ್ಳುವುದು ಸುಲಭದ ಭಾಗ. ಕಾಯಬೇಕಾದಾಗ ನಾಲ್ಕೂ ಜನ ಒಟ್ಟಿಗೆ ಕಾಯಬೇಕಲ್ಲ, ಕಷ್ಟ ಅದು. ಓಡದ ತಿಂಗಳಿಗೂ ಬಿಲ್ಲು ಬರುತ್ತದೆ. ಒಬ್ಬ ಮಾಲೀಕನಾದರೆ ತನ್ನ ಮೇಲೇ ಸಿಟ್ಟು ಮಾಡಿಕೊಂಡು ಸುಮ್ಮನಾಗುತ್ತಾನೆ. ನಾಲ್ವರಿದ್ದರೆ ಸಿಟ್ಟಿಗೆ ಬೇರೆ ಮುಖ ಸಿಗುತ್ತದೆ.

ಭಾವ ಇಂಥ ಹೊತ್ತಿನಲ್ಲಿ ವೇಲ್ಸ್‌ನ ಕಥೆ ತೆಗೆಯುತ್ತಾರೆ. ಅದು ನಿಜವಾದ ಕಥೆ. ಜ್ಯಾನ್ ವೋಕ್ಸ್ ಅನ್ನುವ ಹೆಂಗಸು ಬಾರಿನಲ್ಲಿ ಕೆಲಸ ಮಾಡುತ್ತಿದ್ದಳು. ತಾನೇ ಒಂದು ಮರಿ ಹಾಕಿಸಿ, ಊರಿನವರನ್ನು ಸೇರಿಸಿ, 23 ಜನ ವಾರಕ್ಕೆ ತಲಾ 10 ಪೌಂಡ್ ಹಾಕಿ ಅದನ್ನು ಸಾಕಿದರು. ಡ್ರೀಮ್ ಅಲಯನ್ಸ್ ಅಂತ ಅದರ ಹೆಸರು. 2008ರಲ್ಲಿ ಕಾಲಿನ ಸ್ನಾಯುರಜ್ಜು ಹರಿಯಿತು. ಅಲ್ಲಿಗೆ ಮುಗಿಯಿತು ಅಂತ ಬಿಡುವುದು ಬಿಟ್ಟು ಸ್ಟೆಮ್ ಸೆಲ್ ಚಿಕಿತ್ಸೆ ಕೊಡಿಸಿದರು, ಕಾದರು. 2009ರ ಡಿಸೆಂಬರ್‌ನಲ್ಲಿ ಅದು ವೆಲ್ಷ್ ಗ್ರ್ಯಾಂಡ್ ನ್ಯಾಷನಲ್ ಅನ್ನುವ ದೊಡ್ಡ ರೇಸ್ ಗೆದ್ದಿತು. ಭಾವ ಗೆದ್ದಿದ್ದನ್ನು ಹೇಳುತ್ತಾರೆ. ನನಗೆ ಆಶ್ಚರ್ಯ, 23 ಜನ ಒಂದು ಚಿಕಿತ್ಸೆಗೆ ಹೇಗೆ ಒಪ್ಪಿದರು ಅನ್ನುವುದು. ನಾವು ನಾಲ್ಕು ಜನ ಎಲ್ಲಿ ಊಟ ಮಾಡೋಣ ಅನ್ನುವುದಕ್ಕೇ ಒಪ್ಪುವುದಿಲ್ಲ.

2020ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಗೆದ್ದ ಅಥೆಂಟಿಕ್ ಅನ್ನುವ ಕುದುರೆಯಲ್ಲಿ 5,000ಕ್ಕೂ ಹೆಚ್ಚು ಜನ ಚೂರುಪಾರು ಪಾಲು ಹೊಂದಿದ್ದರು. ಅದನ್ನು ನಾನು ಪಾಲು ಅಂತ ಕರೆಯುವುದಿಲ್ಲ. ಟಿಕೆಟ್ ಅಂತೀನಿ. ಮಂಡಿಯ ಎಕ್ಸ್‌ರೇ ನೋಡಿ ಬೇಡ ಅನ್ನುವ ಹಕ್ಕು ಅವರಲ್ಲಿ ಯಾರಿಗೂ ಇರಲಿಲ್ಲ.

ಶಿನ್ ಆದ ಮೇಲೆ ನಾವು ಒಂದು ಕಾಗದ ಮಾಡಿಕೊಂಡೆವು. ಮೊದಲೂ ಒಪ್ಪಂದ ಇತ್ತು, ಆದರೆ ಅದರಲ್ಲಿ ಬರೀ ದುಡ್ಡಿನ ಮಾತು. ಈಗ ಕಾಲಿನ ವಿಷಯದಲ್ಲಿ ಡಾಕ್ಟ್ರು ಬೇಡ ಅಂದರೆ ಬೇಡ, ಚರ್ಚೆ ಇಲ್ಲ. ಯಾವ ರೇಸಿಗೆ ಹಾಕುವುದು ಅನ್ನುವುದು ಟ್ರೈನರ್‌ಗೆ ಬಿಟ್ಟಿದ್ದು, ರಾತ್ರಿ ಹತ್ತರ ಮೇಲೆ ಅವರಿಗೆ ಯಾರೂ ಫೋನ್ ಮಾಡುವಂತಿಲ್ಲ. ಈ ಸಾಲು ಭಾವನಿಗಾಗಿಯೇ ಬರೆದದ್ದು. ಯಾರಾದರೂ ಬಿಡುವುದಾದರೆ ಮೊದಲು ಉಳಿದವರನ್ನು ಕೇಳಬೇಕು. ಎರಡು ತಿಂಗಳ ಖರ್ಚು ಯಾವಾಗಲೂ ಖಾತೆಯಲ್ಲಿ ಇರಬೇಕು.

ಆ ಎರಡು ತಿಂಗಳ ದುಡ್ಡು ಬೇಗ ಕೆಲಸಕ್ಕೆ ಬಂತು. ಪುಟ್ಟಿ ಚೇತರಿಸಿಕೊಂಡು 2024ರ ಬೇಸಿಗೆ ಸೀಸನ್ನಿಗೆ ತಯಾರಾದಳು. ಜೂನ್‌ನಲ್ಲಿ ಬೆಂಗಳೂರಿನಲ್ಲಿ ರೇಸೇ ನಿಂತುಹೋಯಿತು. ಪರವಾನಗಿ ವಿಷಯ ಹೈಕೋರ್ಟಿಗೆ ಹೋಗಿತ್ತು. ಕುದುರೆಗೆ ಕೋರ್ಟು ಗೊತ್ತಾಗುತ್ತಾ? ಅದು ತಿನ್ನುತ್ತಲೇ ಇರುತ್ತದೆ. "ಹಿಂದಿನ ಚಳಿಗಾಲದಲ್ಲೇ ಓಡಿಸಿದ್ದರೆ" ಅಂತ ಮೆಣಸಿನ ವ್ಯಾಪಾರಿಗಳು ಗ್ರೂಪಿನಲ್ಲಿ ಹಾಕಿದರು. ಯಾರೂ ಉತ್ತರ ಕೊಡಲಿಲ್ಲ. ಡಾಕ್ಟ್ರು ಮಾತ್ರ ಆ ಎಕ್ಸ್‌ರೇ ಫೋಟೋ ಮತ್ತೆ ಕಳಿಸಿದರು.

ನಮ್ಮ ಅತ್ತೆಗೆ ಇದೆಲ್ಲ ಜೂಜು. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಅಂತ ಹೇಳಿದೆ ಅಂತ ಭಾವ ವಿವರಿಸಿದರು. "ಕೌಶಲ ಕುದುರೇದು ಕಣಪ್ಪಾ, ನಿಮ್ದಲ್ಲ" ಅಂದರು ಅತ್ತೆ.

ಮೊದಲ ಓಟ ಆ ಚಳಿಗಾಲದಲ್ಲಿ, 1,200 ಮೀಟರ್. ಗೇಟಿನಿಂದ ತಡವಾಗಿ ಬಂದಳು, ಹಿಂದೆ ಉಳಿದಳು, ಕೊನೆಯಲ್ಲಿ ನಾಲ್ಕೈದು ಕುದುರೆಗಳನ್ನು ದಾಟಿ ಆರನೆಯವಳಾದಳು. ಆಮೇಲೆ ಒಮ್ಮೆ ಮೂರನೆಯ ಸ್ಥಾನ, ಒಮ್ಮೆ ನಾಲ್ಕನೆಯದು. ಟ್ರೈನರ್, ಜಾಕಿ, ಸ್ಟಡ್ ಫಾರ್ಮು ಎಲ್ಲರ ಪಾಲು ಕಳೆದು, ಟಿಡಿಎಸ್ ಹೋಗಿ ನಮಗೆ ಬಂದದ್ದು ಲಾಳದ ಖರ್ಚಿಗೆ ಆಯಿತು. ಕಾಲು ಮಾತ್ರ ನಾಲ್ಕೂ ತಣ್ಣಗಿವೆ.

ಈಗ ಇನ್ನೊಂದು ಮರಿ ಮಾತುಕತೆಯಲ್ಲಿದೆ, ಗಂಡು. ಬೆಂಗಳೂರಿಗೆ ಹೋಗುವಾಗ ಕುಣಿಗಲ್ ಹತ್ತಿರ ಬಂದರೆ ಸಾಕು, ಭಾವನಿಗೆ ಟಿಪ್ಪು ಕಾಲದಿಂದ ಅಲ್ಲಿ ಕುದುರೆ ಸಾಕಿದ ಇತಿಹಾಸವೆಲ್ಲ ನೆನಪಾಗಿ ಇನ್ನೊಂದು ಬೇಕು ಅನ್ನಿಸುತ್ತದೆ. ಮೆಣಸಿನ ವ್ಯಾಪಾರಿಗಳು ಈ ಸಲ ಪೂರ್ತಿ ಕೊಂಡುಬಿಡೋಣ ಅನ್ನುತ್ತಿದ್ದಾರೆ. ನಾನು ಲೀಸ್ ಅನ್ನುತ್ತಿದ್ದೇನೆ. ಡಾಕ್ಟ್ರು ಮೊದಲು ಹುಟ್ಟಿದ ತಾರೀಕು ಹೇಳಿ ಅಂತ ಕೇಳಿ ಕೂತಿದ್ದಾರೆ. ಮೇ ತಿಂಗಳಂತೆ.