ಕವಚ ತೊಟ್ಟ ಅನಿಮೆ ಖಳನಿಗೆ ಅಚ್ಚುಕಟ್ಟಾದ ಗೆರೆ

ಕವಚವನ್ನೇ ಮೊದಲು ಬರೆಯಲು ಹೋಗಬೇಡಿ. 2ಎಚ್ (ಗಟ್ಟಿ ಸೀಸದ) ಪೆನ್ಸಿಲಿನಲ್ಲಿ ಒಳಗಿನ ಮೈಯನ್ನು ತೆಳುವಾಗಿ ಬರೆದುಕೊಳ್ಳಿ. ಎಂಟು ತಲೆಯಷ್ಟು ಎತ್ತರ ಕೊಟ್ಟರೆ ಖಳನಿಗೆ ಗತ್ತು ಬರುತ್ತದೆ. ಎದೆಯ ನಡುಗೆರೆ ಮೈ ತಿರುಗಿದ ಕಡೆಗೆ ಬಾಗಬೇಕು. ನೆಟ್ಟಗೆ ಎಳೆದರೆ ಕವಚ ರಟ್ಟಿನ ಹಾಗೆ ಚಪ್ಪಟೆಯಾಗುತ್ತದೆ.

ಹೆಚ್ಚಿನವರು ಎಡವುವುದು ಭುಜದಲ್ಲಿ. ಭುಜದ ತಗಡನ್ನು ಎದೆಯ ತಗಡಿಗೆ ಅಂಟಿಸಿದರೆ ಕೈ ಎತ್ತಲು ಜಾಗವೇ ಇರುವುದಿಲ್ಲ. ನಡುವೆ ಸಂದು ಬಿಡಿ. ಮೇಲಿನ ತಗಡು ಕೆಳಗಿನದನ್ನು ಸ್ವಲ್ಪ ಮುಚ್ಚಲಿ, ಅಂಚಿಗೆ ಜೋಡಿ ಗೆರೆ ಹಾಕಿ. ಲೋಹದ ದಪ್ಪ ಕಾಣುವುದೇ ಅಲ್ಲಿ. ಮೊಣಕೈ, ಮಂಡಿಗೂ ಇದೇ ಲೆಕ್ಕ.

ಹಾಸನದವರು ಅಲಂಕಾರಕ್ಕೆ ದೂರ ಹುಡುಕಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ದ್ವಾರಪಾಲಕರ ಮುಂದೆ ಸ್ಕೆಚ್ ಪುಸ್ತಕ ಹಿಡಿದು ನಿಂತರೆ ಕಿರೀಟ, ತೋಳಬಂದಿ, ಸೊಂಟದ ಪಟ್ಟಿ ಮೈಯ ತಿರುವಿಗೆ ಹೇಗೆ ಸುತ್ತಿಕೊಳ್ಳುತ್ತವೆಂದು ತಿಳಿಯುತ್ತದೆ. ಎಷ್ಟು ಚೆಂದ ಆ ಕೆಲಸ! ಆದರೆ ಅಷ್ಟೂ ಕುಸುರಿ ತುಂಬಬೇಡಿ. ಎದೆ, ಭುಜಕ್ಕೆ ಸಾಕು, ತೊಡೆಯ ತಗಡು ಖಾಲಿ ಇರಲಿ.

ಇಂಕಿಗೆ ಮೂರು ಪೆನ್ನು: ಹೊರಗೆರೆಗೆ 0.8 ಮಿ.ಮೀ. ತುದಿಯದು, ತಗಡಿನ ಅಂಚಿಗೆ 0.3, ಕುಸುರಿಗೆ 0.1. ಉದ್ದ ಗೆರೆಯನ್ನು ಮಣಿಕಟ್ಟಿನಿಂದಲ್ಲ, ಭುಜದಿಂದ ಒಂದೇ ಸಲಕ್ಕೆ ಎಳೆಯಿರಿ; ಬೇಕಾದರೆ ಹಾಳೆ ತಿರುಗಿಸಿಕೊಳ್ಳಿ. ಮಳೆಗಾಲದಲ್ಲಿ, ಅದರಲ್ಲೂ ಸಕಲೇಶಪುರದ ಕಡೆ, ಹಾಳೆ ತೇವ ಹೀರಿ ಇಂಕು ಹರಡುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ, ರಬ್ಬರಿನಿಂದ ಉಜ್ಜುವ ಮೊದಲು ಅರ್ಧ ಗಂಟೆಯಾದರೂ ಇಂಕು ಒಣಗಲು ಬಿಡಿ.